ಕಣದ ಹುಡುಗರು, ಕೆಸರಿನ ಮೈದಾನ

ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿರುವ ನನಗೆ ಫುಟ್ಬಾಲ್ ತಂಡ ಕಟ್ಟುವಾಗ ಚೆಂಡಿಗಿಂತ ಮೊದಲು ಬೇಕಾಗುವುದು ಬಸ್ಸಿನ ವೇಳಾಪಟ್ಟಿ. ತಂಡದ ಬಹುಪಾಲು ಹುಡುಗರು ಆಲ್ದೂರು, ಬಾಳೆಹೊನ್ನೂರು, ಮಲ್ಲಂದೂರು, ಮೂಡಿಗೆರೆ ಕಡೆಯಿಂದ ದಿನವೂ ಬಂದು ಹೋಗುವವರು. ಕೊನೆಯ ತರಗತಿ ಮುಗಿಯುವುದಕ್ಕೂ ಅವರ ಬಸ್ಸು ಹೊರಡುವುದಕ್ಕೂ ನಡುವೆ ಒಂದು ಗಂಟೆ ಸಿಕ್ಕರೆ ಪುಣ್ಯ. ಬಟ್ಟೆ ಬದಲಿಸಿ ಶೂ ಕಟ್ಟುವ ಹೊತ್ತು, ಮತ್ತೆ ಕೆಸರು ತೊಳೆದುಕೊಂಡು ನಿಲ್ದಾಣಕ್ಕೆ ಓಡುವ ಹೊತ್ತು ಕಳೆದರೆ ಆಟಕ್ಕೆ ಉಳಿಯುವುದು ನಲವತ್ತು ನಿಮಿಷ. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಆ ಕಡೆಯವರ ಸಂಜೆ ಇನ್ನೂ ಮೊಟಕಾಯಿತು. ಆದ್ದರಿಂದ ಈ ಋತುವಿನಲ್ಲಿ ಎಲ್ಲವನ್ನೂ ಕಲಿಸುವ ಆಸೆ ಬಿಟ್ಟೆ. ಹುಡುಗರಿಗೆ ಈಗಾಗಲೇ ಏನು ಬರುತ್ತದೋ ಅದನ್ನು ನಮ್ಮ ಮೈದಾನದಲ್ಲಿ ಎಲ್ಲಿ ಆಡಬಹುದು ಎಂಬುದಷ್ಟನ್ನೇ ಕಲಿಸಲು ಹೊರಟೆ.

ಅವರಿಗೆ ಬರುತ್ತಿದ್ದುದು ಕಣದ ಆಟ. ಕಾಫಿ ತೋಟದ ಕಣ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ರೊಬಸ್ಟಾ ಒಣಗಿ ಚೀಲ ಸೇರುವಾಗ ಬೇಸಿಗೆ ಬಂದಿರುತ್ತದೆ. ಅಲ್ಲಿಂದ ಮುಂದಿನ ಕೊಯ್ಲಿನವರೆಗೆ ಕಾಫಿ ಒಣಗಿಸುವ ಆ ಸಿಮೆಂಟಿನ ಅಂಗಳ ಖಾಲಿ. ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳಿಗೂ ತೋಟದ ಲೆಕ್ಕ ಬರೆಯುವ ರೈಟರ ಮಕ್ಕಳಿಗೂ ಅದೇ ಕ್ರೀಡಾಂಗಣ. ಒಂದು ಬದಿಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಗೋಡೆ, ಇನ್ನೊಂದು ಬದಿಗೆ ಇಳಿಜಾರು. ಜೋರಾಗಿ ಒದ್ದರೆ ಚೆಂಡು ಕಾಫಿ ಗಿಡಗಳ ಬುಡಕ್ಕೆ ಉರುಳುತ್ತದೆ; ಒದ್ದವನೇ ಹೋಗಿ ತರಬೇಕು, ಬರುವಾಗ ಕಾಲಿಗೆ ಇಂಬಳ ಅಂಟಿಸಿಕೊಂಡೇ ಬರಬೇಕು. ಹೀಗಾಗಿ ಯಾರೂ ಜೋರಾಗಿ ಒದೆಯುವುದಿಲ್ಲ. ಚೆಂಡನ್ನು ಅಂಗಾಲಿನಡಿ ಹಿಡಿದಿಟ್ಟು, ಎದುರಾಳಿ ಮೈಮೇಲೆ ಬಂದಾಗ ಪಕ್ಕದವನಿಗೆ ಚಿಕ್ಕದಾಗಿ ತಳ್ಳಿ, ಮತ್ತೆ ವಾಪಸು ಪಡೆಯುವ ಆಟ ಅವರದು. ನರಸಿಂಹರಾಜಪುರ ಕಡೆಯ ಮಲಯಾಳಿ ಮನೆಗಳಿಂದ ಬರುವ ಹುಡುಗರಿಗೆ ಇದರ ಜೊತೆ ಫುಟ್ಬಾಲಿನ ಹುಚ್ಚೂ ಮನೆಯಿಂದಲೇ ಬಂದಿರುತ್ತದೆ. ವಿಶ್ವಕಪ್ ವರ್ಷದಲ್ಲಿ ಅವರ ನೋಟ್‌ಬುಕ್ಕಿನ ಹಿಂಬದಿ ನೋಡಿದರೆ ಮನೆಯವರು ಯಾವ ದೇಶದ ಕಡೆ ಎಂಬುದು ತಿಳಿಯುತ್ತದೆ. ಇಂಥ ಕಾಲುಗಳನ್ನು ಯಾವ ತರಬೇತುದಾರನೂ ನಲವತ್ತು ನಿಮಿಷದಲ್ಲಿ ತಯಾರಿಸಲಾರ.

ಆದರೆ ನಮ್ಮ ಅಂತರ ಕಾಲೇಜು ಪಂದ್ಯಗಳ ತಯಾರಿ ಬೀಳುವುದು ಮಳೆಗಾಲದಲ್ಲಿ. ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಊರು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವ ಹೆಸರು ಹೇಳುವುದಿಲ್ಲ. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಮಧ್ಯಾಹ್ನಕ್ಕೆ ಇರುವುದಿಲ್ಲ. ಮೈದಾನದ ನಡುಭಾಗ ಮತ್ತು ಎರಡೂ ಗೋಲಿನ ಮುಂಭಾಗ ಗದ್ದೆಯಾಗಿ, ಹುಲ್ಲು ಉಳಿಯುವುದು ಅಂಚುಗಳಲ್ಲಿ ಮಾತ್ರ. ಕಣದಲ್ಲಿ ಸರಾಗವಾಗಿ ಜಾರುವ ಪಾಸು ಈ ನಡುಭಾಗದಲ್ಲಿ ಎರಡು ಹೆಜ್ಜೆ ಹೋಗಿ ನಿಂತುಬಿಡುತ್ತದೆ, ಎದುರಾಳಿ ಎತ್ತಿಕೊಂಡು ಹೋಗುತ್ತಾನೆ.

ಕೆಲವು ಗೆಳೆಯರು ಕೊಟ್ಟ ಸಲಹೆ, ಹುಡುಗರಿಗೆ ದೂರ ಒದೆಯುವುದನ್ನು ಕಲಿಸಿ, ಎತ್ತರದ ಇಬ್ಬರನ್ನು ಮುಂದೆ ನಿಲ್ಲಿಸಿ ಎಂದು. ನನಗೆ ಒಪ್ಪಿಗೆಯಾಗಲಿಲ್ಲ. ಹತ್ತು ವರ್ಷ ಕಣದಲ್ಲಿ ಕಲಿತದ್ದನ್ನು ಎರಡು ತಿಂಗಳಲ್ಲಿ ಮರೆಸುವುದು ಮೂರ್ಖತನ. ಬದಲಿಗೆ ಎದುರಾಳಿಯ ಪೆನಾಲ್ಟಿ ಪ್ರದೇಶದ ಎರಡೂ ಪಕ್ಕದಲ್ಲಿ, ಹುಲ್ಲಿದ್ದ ಕಡೆ, ಕೋನ್‌ಗಳನ್ನಿಟ್ಟು ಒಂದೊಂದು ಚೌಕ ಮಾಡಿದೆ. ಅಳತೆ ಸುಮಾರಾಗಿ ಸಣ್ಣ ತೋಟದ ಕಣದಷ್ಟೇ. ನಡುವಿನ ಕೆಸರಿನಲ್ಲಿ ಯಾರೂ ಚೆಂಡನ್ನು ನೆಲದ ಮೇಲೆ ಕೊಡಕೂಡದು, ಎತ್ತಿ ಚೌಕದೊಳಕ್ಕೆ ಹಾಕಬೇಕು. ಒಳಗೆ ಹೋದ ಮೇಲೆ ನಿಮ್ಮ ಇಷ್ಟ, ನಾನು ಮಾತಾಡುವುದಿಲ್ಲ ಎಂದೆ. ವಾರ ಕಳೆಯುವುದರೊಳಗೆ ಹುಡುಗರು ಆ ಚೌಕವನ್ನು ಕಣ ಎಂದೇ ಕರೆಯತೊಡಗಿದ್ದರು. ಮೈದಾನದ ತುಂಬ “ಕಣಕ್ಕೆ ಹಾಕು, ಕಣಕ್ಕೆ ಹಾಕು” ಎಂಬ ಕೂಗು. ಎದುರಾಳಿ ತಂಡಗಳಿಗೆ ಇದು ಅರ್ಥವಾಗದೇ ಇದ್ದದ್ದು ನಮಗೆ ಸಿಕ್ಕ ಉಚಿತ ಲಾಭ.

ಇನ್ನೊಂದು ಅಸ್ತ್ರ ಥ್ರೋ-ಇನ್, ಅಂದರೆ ಪಕ್ಕದ ಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಕ್ಕೆ ಎಸೆಯುವುದು. ಥ್ರೋ-ಇನ್‌ನಿಂದ ನೇರವಾಗಿ ಚೆಂಡು ಪಡೆದವನಿಗೆ ಆಫ್‌ಸೈಡ್ ಇಲ್ಲ, ಎದುರಾಳಿ ಡಿಫೆಂಡರುಗಳನ್ನು ದಾಟಿ ನಿಂತಿದ್ದರೂ ತಪ್ಪಲ್ಲ ಎಂಬ ನಿಯಮ ಎಲ್ಲರಿಗೂ ಗೊತ್ತು, ಕಾಲೇಜು ಮಟ್ಟದಲ್ಲಿ ಅದನ್ನು ಬಳಸಿಕೊಳ್ಳುವವರು ಕಡಿಮೆ. ಕೆಸರಿನಲ್ಲಿ ಅದರ ಬೆಲೆ ಇನ್ನೂ ಹೆಚ್ಚು: ಗಾಳಿಯಲ್ಲಿ ಹೋಗುವ ಚೆಂಡಿಗೆ ಕೆಸರಿನ ಹಂಗಿಲ್ಲ, ಹಿಂದಕ್ಕೆ ಸರಿಯುವ ಡಿಫೆಂಡರಿಗೆ ಕಾಲು ನಿಲ್ಲುವುದಿಲ್ಲ. ನಮ್ಮ ಅಥ್ಲೆಟಿಕ್ಸ್ ತಂಡದಲ್ಲಿ ಜಾವೆಲಿನ್ ಎಸೆಯುವ ಹುಡುಗನೊಬ್ಬನಿದ್ದ. ಅವನನ್ನು ಕರೆದು ಬಲಬದಿಯ ಡಿಫೆಂಡರ್ ಮಾಡಿದೆ. “ಸರ್, ನನಗೆ ಫುಟ್ಬಾಲ್ ಬರುವುದಿಲ್ಲ” ಎಂದ. “ನೀನು ಕೈಯಿಂದ ಆಡು, ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ” ಎಂದೆ. ಹೇಳಿದಷ್ಟು ಸುಲಭವಾಗಿರಲಿಲ್ಲ. ಜಾವೆಲಿನ್ ಒಂದು ಕೈಯ ಕೆಲಸ. ಥ್ರೋ-ಇನ್‌ನಲ್ಲಿ ಎರಡೂ ಕೈ ಬೇಕು, ಚೆಂಡು ತಲೆಯ ಹಿಂದಿನಿಂದ ತಲೆಯ ಮೇಲೆ ಹಾದು ಬರಬೇಕು, ಬಿಡುವ ಕ್ಷಣದಲ್ಲಿ ಎರಡೂ ಪಾದದ ಒಂದಿಷ್ಟಾದರೂ ಭಾಗ ನೆಲ ಮುಟ್ಟಿರಬೇಕು. ಓಡಿ ಬಂದ ವೇಗಕ್ಕೆ ಅವನ ಹಿಂಗಾಲು ಏಳುತ್ತಲೇ ಇತ್ತು. ಕೊನೆಗೆ ಓಟವನ್ನು ಮೂರು ಹೆಜ್ಜೆಗೆ ಇಳಿಸಿ, ಹಿಂಗಾಲಿನ ಹೆಬ್ಬೆರಳನ್ನು ನೆಲದ ಮೇಲೆ ಎಳೆದುಕೊಂಡು ಬರುವಂತೆ ಮಾಡಿಸಿದೆ. ಒದ್ದೆ ಚೆಂಡು ಜಾರದಂತೆ ಗೆರೆಯ ಪಕ್ಕ ಒಂದು ಟವೆಲ್. ಸೆಪ್ಟೆಂಬರ್ ಹೊತ್ತಿಗೆ ಅವನ ಎಸೆತ ಅಂಚಿನಿಂದ ಹೊರಟು ಗೋಲಿನ ಹತ್ತಿರದ ಕಂಬಕ್ಕೆ ಬಂದು ಬೀಳುತ್ತಿತ್ತು.

ಗೋಲ್‌ಕೀಪರಿಗೆ ಹೇಳಿದ್ದು ಒಂದೇ: ಒದ್ದೆ ಚೆಂಡನ್ನು ಹಿಡಿಯಲು ಹೋಗಬೇಡ, ಪಕ್ಕಕ್ಕೆ ತಳ್ಳು. ಜೆರ್ಸಿ ಒಣಗಿಸುವುದು ಬೇರೆಯೇ ರಾಮಾಯಣ. ಹಾಸ್ಟೆಲಿನ ಅಡುಗೆಮನೆಯ ಹಗ್ಗದ ಮೇಲೆ ಒಣಗಿಸಿ ಇಡೀ ತಂಡ ಒಗ್ಗರಣೆಯ ವಾಸನೆ ಹೊತ್ತು ಆಡಿತು. ಶೂಗಳಿಗೆ ಹಳೆಯ ದಿನಪತ್ರಿಕೆ ತುರುಕಿ ಇಟ್ಟರೆ ಬೆಳಿಗ್ಗೆಗೆ ಹಾಕಿಕೊಳ್ಳುವ ಮಟ್ಟಿಗಾದರೂ ಬರುತ್ತವೆ.

ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳು. ಪಂದ್ಯಾವಳಿ ಈ ಸಲ ಭದ್ರಾವತಿ ಕಡೆ ಇತ್ತು. ಅರ್ಹತಾ ಪತ್ರ, ಜನ್ಮ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ರಾಂಶುಪಾಲರ ಸಹಿ, ಇವನ್ನೆಲ್ಲ ಸರಿಪಡಿಸುವ ಕೆಲಸದ ಬಗ್ಗೆ ಬರೆದರೆ ನನ್ನ ಸಹೋದ್ಯೋಗಿಗಳ ಹೊರತು ಬೇರೆ ಯಾರೂ ಓದುವುದಿಲ್ಲ. ನಸುಕಿನಲ್ಲಿ ಟೆಂಪೋ ಟ್ರಾವೆಲರ್ ಹತ್ತಿ, ಸಂತವೇರಿಯ ತಿರುವುಗಳಲ್ಲಿ ಇಬ್ಬರು ವಾಂತಿ ಮಾಡಿಕೊಂಡು, ಲಿಂಗದಹಳ್ಳಿ ದಾಟಿ, ತರೀಕೆರೆಯಲ್ಲಿ ಇಡ್ಲಿ ತಿಂದು ಹೋದೆವು. ಆಂತರಿಕ ಪರೀಕ್ಷೆ ಇದ್ದ ಕಾರಣ ಕೆಲವರು ಬರಲಿಲ್ಲ. ಐವರು ಬದಲಿ ಆಟಗಾರರಿಗೆ ಅವಕಾಶವಿದ್ದರೂ ನಮ್ಮ ಬೆಂಚಿನಲ್ಲಿ ಕುಳಿತವರು ಇಬ್ಬರೇ.

ಮೊದಲ ಪಂದ್ಯ ಕೆಸರಿನಲ್ಲಿ. ಜಾವೆಲಿನ್ ಹುಡುಗನ ಎಸೆತ, ಹತ್ತಿರದ ಕಂಬದ ಬಳಿ ಒಬ್ಬನ ತಲೆ ಸವರಿ ಚೆಂಡು ಹಿಂದಕ್ಕೆ, ಅಲ್ಲಿ ಕಾದಿದ್ದವನು ಒಳಕ್ಕೆ. ಒಂದೇ ಗೋಲು, ಸಾಕಾಯಿತು. ಮಧ್ಯಾಹ್ನ ಬಿಸಿಲು ಬಂದು ನೆಲ ಬಿಗಿಯಿತು. ಎರಡನೇ ಪಂದ್ಯಕ್ಕೆ ಮೊದಲು ನಾಯಕ ಬಂದು, “ಸರ್, ಇವತ್ತು ಇಡೀ ಮೈದಾನವೇ ಕಣ, ನಡುವಿನಲ್ಲೂ ಆಡಲೇ?” ಎಂದು ಕೇಳಿದ. ಆಡಿ ಎಂದೆ. ಆ ಪಂದ್ಯದ ಮೊದಲಾರ್ಧದಲ್ಲಿ ಎದುರಾಳಿಗಳಿಗೆ ಚೆಂಡೇ ಸಿಗಲಿಲ್ಲ ಎನ್ನುವುದು ಉತ್ಪ್ರೇಕ್ಷೆಯಾದರೂ ಸುಳ್ಳಲ್ಲ. 2-1ರಿಂದ ಗೆದ್ದೆವು. ಮರುದಿನ ಸೆಮಿಫೈನಲ್‌ನಲ್ಲಿ ಮೂರು ಗೋಲುಗಳ ಸೋಲು, ಮೂರೂ ದ್ವಿತೀಯಾರ್ಧದಲ್ಲಿ. ಎದುರಿನವರು ಜಾಣರಾಗಿದ್ದರು ಎನ್ನುವುದಕ್ಕಿಂತ ಅವರ ಬೆಂಚು ತುಂಬಿತ್ತು, ನಮ್ಮವರ ಕಾಲು ಮುಗಿದಿತ್ತು. ನಲವತ್ತು ನಿಮಿಷದ ಸಂಜೆಗಳಲ್ಲಿ ಕೌಶಲ ಉಳಿಸಿಕೊಳ್ಳಬಹುದು, ದಮ್ಮು ಕಟ್ಟಲು ಆಗುವುದಿಲ್ಲ. ಅದಕ್ಕೆ ಬೆಳಗಿನ ಓಟ ಬೇಕು. ಅದನ್ನು ಹುಡುಗರು ಅವರವರ ತೋಟದ ರಸ್ತೆಯಲ್ಲೇ ಓಡಬೇಕು, ನಾನು ಪಕ್ಕದಲ್ಲಿರುವುದಿಲ್ಲ.

ವಿಶ್ವವಿದ್ಯಾಲಯದ ತಂಡದ ಶಿಬಿರಕ್ಕೆ ನಮ್ಮ ಇಬ್ಬರು ಆಯ್ಕೆಯಾದರು. ಅವರಲ್ಲೊಬ್ಬ ಲೈನ್ ಮನೆಯವನು. ಶಿಬಿರ ಕೊಯ್ಲಿನ ಸಮಯಕ್ಕೇ ಬಂದಿತ್ತು. ಹಣ್ಣು ಬಿಡಿಸುವ ಕೂಲಿ ಕಿಲೋ ಲೆಕ್ಕದಲ್ಲಿ. ಮನೆಯಲ್ಲಿ ಎರಡು ಕೈ ಕಡಿಮೆಯಾದರೆ ಅದು ಆ ವಾರದ ಸಂತೆಯಲ್ಲಿ ಕಾಣುತ್ತದೆ. ನಾನು ಹೋಗಿ ಅವನ ತಾಯಿಯ ಬಳಿ ಮಾತಾಡಿದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದ ಕಥೆ ಹೇಳಿದೆ. ಆಕೆ ಶಾಂತವಾಗಿ ಕೇಳಿಸಿಕೊಂಡು, “ಅದೆಲ್ಲ ಸರಿ ಮೇಷ್ಟ್ರೇ, ಅಲ್ಲಿ ಊಟ ಯಾರು ಹಾಕುತ್ತಾರೆ?” ಎಂದರು. ಊಟ, ವಸತಿ ವಿಶ್ವವಿದ್ಯಾಲಯದ್ದೇ ಎಂದಾಗ ಒಪ್ಪಿದರು.

ಜಾವೆಲಿನ್ ಹುಡುಗನನ್ನು ಆಯ್ಕೆಗಾರರು ಪರಿಗಣಿಸಲೇ ಇಲ್ಲ. ಚೆಂಡು ಕಾಲಿಗೆ ಬಂದಾಗ ಅವನು ತಡವರಿಸುತ್ತಾನೆ, ನಿಜ. ಆದರೆ ಪಂದ್ಯವೊಂದರಲ್ಲಿ ಎಷ್ಟು ಸಲ ಚೆಂಡು ಗೆರೆ ದಾಟುತ್ತದೆ ಎಂದು ಕುಳಿತು ಎಣಿಸಿದವರು ಹಾಗೆ ಬಿಟ್ಟುಬಿಡುತ್ತಿರಲಿಲ್ಲ. ಅವನಿಗೇನೂ ಬೇಸರವಿದ್ದಂತಿಲ್ಲ. ಪ್ರಥಮ ವರ್ಷದ ಇಬ್ಬರಿಗೆ ಈಗ ಅವನೇ ಮೂರು ಹೆಜ್ಜೆ ಕಲಿಸುತ್ತಿದ್ದಾನೆ. ಒಬ್ಬನದು ಸರಿಹೋಗಿದೆ, ಇನ್ನೊಬ್ಬನ ಹಿಂಗಾಲು ಇನ್ನೂ ಏಳುತ್ತಿದೆ.