ಸ್ಪೋರ್ಟ್ಸ್ ಕಾರಿಗೆ ಬೇರೆ ಸ್ಟೀರಿಂಗ್ ಹಾಕಿಸುತ್ತೀರಾ? ಮೊದಲು ಏರ್‌ಬ್ಯಾಗ್ ನೋಡಿ

ಬಳ್ಳಾರಿ ಬೇಸಿಗೆಯಲ್ಲಿ ಕಾರನ್ನು ಬಿಸಿಲಿಗೆ ನಿಲ್ಲಿಸಿದರೆ ಸ್ಟೀರಿಂಗ್ ಮುಟ್ಟಿದ ಕೈ ಚುರ್ರ್ ಎನ್ನುತ್ತದೆ. ನಾಲ್ಕೈದು ಬೇಸಿಗೆ ಹೀಗೆ ಕಾದರೆ ಲೆದರ್ ಬಿರಿಯುತ್ತದೆ, ಬಿರುಕಿನೊಳಗೆ ಅದಿರಿನ ಕೆಂಪು ಧೂಳು ಕೂರುತ್ತದೆ. ಲೆದರ್ ಮಾತ್ರ ಹೋಗಿದ್ದರೆ ಸ್ಟೀರಿಂಗ್ ಬದಲಿಸಬೇಡಿ, ಹೊಸದಾಗಿ ಹೊಲಿಸಿ. ಜೀನ್ಸ್ ಹೊಲಿಯುವ ಊರು ನಮ್ಮದು, ದಪ್ಪ ಸೂಜಿಗೆ ಕೈ ಪಳಗಿದವರು ಬೇಕಾದಷ್ಟು ಇದ್ದಾರೆ. ನಡುವಿನ ಏರ್‌ಬ್ಯಾಗ್ ಮುಚ್ಚಳದ ಮೇಲೆ ಮಾತ್ರ ಹೊಲಿಗೆ ಬೇಡ.

ಬದಲಿಸಲೇಬೇಕು ಅಂದರೆ ಅಂದ ಆಮೇಲೆ ನೋಡಿ. ಅಪಘಾತದಲ್ಲಿ ಏರ್‌ಬ್ಯಾಗ್ ಉಬ್ಬುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಅದು ಕೂತಿರುವುದೇ ಸ್ಟೀರಿಂಗ್ ನಡುವೆ. ಅದನ್ನು ಕಿತ್ತು ಬರೀ ಹಾರ್ನ್ ಬಟನ್ ಇರುವ ರೇಸಿಂಗ್ ಸ್ಟೀರಿಂಗ್ ಹಾಕಿದರೆ ಎದೆಗೆ ಆಸರೆಯೇ ಇಲ್ಲ. ನಮ್ಮ ದೇಶದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಲು ಬಿಡುವುದಿಲ್ಲ. ಹಾಗಾಗಿ ಏರ್‌ಬ್ಯಾಗ್ ಇರುವ ಕಾರಿಗೆ ಅದೇ ಮಾಡೆಲ್‌ನ, ಅದೇ ಕಂಪನಿಯ ಸ್ಟೀರಿಂಗ್ ತನ್ನಿ.

ಏರ್‌ಬ್ಯಾಗ್ ಇಲ್ಲದ ಹಳೆಯ ಕಾರಾದರೆ ಅಳತೆ ಮುಖ್ಯ. 380 ಮಿ.ಮೀ. ಅಗಲದ್ದನ್ನು ತೆಗೆದು 330ರದ್ದು ಹಾಕಿದರೆ ತಿರುಗಿಸಲು ಸುಮಾರು 15% ಜಾಸ್ತಿ ಬಲ ಬೇಕು. ಪವರ್ ಸ್ಟೀರಿಂಗ್ ಇಲ್ಲದಿದ್ದರೆ ನಮ್ಮೂರಿನ ಬೆಂಗಳೂರು ರಸ್ತೆಯಂಥ ಗದ್ದಲದಲ್ಲಿ ಗಾಡಿ ಹಿಂದೆ ಮುಂದೆ ಮಾಡುವಾಗ ತೋಳು ಸೋಲುತ್ತದೆ. ನನ್ನ ಮಟ್ಟಿಗೆ 350 ಸರಿ. ಸ್ಟೀರಿಂಗ್ ಮತ್ತು ಅದನ್ನು ಹೊತ್ತು ತಿರುಗುವ ಕಂಬಿಯ ನಡುವೆ ಕೂರುವ ಬಾಸ್ ಕಿಟ್ ಎಂಬ ಜೋಡಣೆ ಭಾಗ ನಿಮ್ಮ ಕಾರಿನದ್ದೇ ಆಗಬೇಕು. ಬೋಲ್ಟ್ ತೂತು ಎಣಿಸಿದರೆ ಸಾಲದು, ಅಳೆಯಿರಿ. ಮೊಮೊ, ಸ್ಪಾರ್ಕೊ ಕಂಪನಿಗಳ ಸ್ಟೀರಿಂಗ್‌ನಲ್ಲಿ ಆರು ಬೋಲ್ಟ್‌ಗಳ ವೃತ್ತದ ಅಗಲ 70 ಮಿ.ಮೀ., ನಾರ್ಡಿ ಕಂಪನಿಯದ್ದರಲ್ಲಿ 74. ಕೂರದಿದ್ದರೆ ತೂತು ದೊಡ್ಡದು ಮಾಡಿಸಬೇಡಿ.

ಇನ್ನು ಬಿಚ್ಚುವ ಕೆಲಸ. ಏರ್‌ಬ್ಯಾಗ್ ಇದ್ದರೆ ಅದನ್ನು ತಿಳಿದ ಮೆಕ್ಯಾನಿಕ್ ಕೈಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ. ಚಕ್ರಗಳು ನೇರವಾಗಿರಲಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆದು ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು. ಒಳಗೆ ಉಳಿದ ಕರೆಂಟ್ ಇಳಿಯಬೇಕಲ್ವಾ? ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿ, ನೆರಳಿನಲ್ಲಿ ಇಡಬೇಕು. ಅದರ ವೈರಿಗೆ ಮಲ್ಟಿಮೀಟರ್ ಹಚ್ಚಲೇಬಾರದು, ಸಿಡಿಯಬಹುದು.

ನಡುವಿನ ನಟ್ ಸಡಿಲಿಸಿ, ಆದರೆ ಎರಡು ಮೂರು ಸುತ್ತು ಉಳಿಸಿ. ಪೂರ್ತಿ ತೆಗೆದು ಜಗ್ಗಿದರೆ ಸ್ಟೀರಿಂಗ್ ಒಮ್ಮೆಲೇ ಕಿತ್ತು ಮುಖಕ್ಕೆ ಬಡಿಯುತ್ತದೆ. ಆಮೇಲೆ ಕಂಬಿಯ ತುದಿಯಿಂದ ಸ್ಟೀರಿಂಗ್‌ವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಈ ಗೆರೆ ಎಷ್ಟು ಮುಖ್ಯ ಅಂತ ನನಗೆ ತಡವಾಗಿ ತಿಳಿಯಿತು. ಒಂದು ಗ್ಯಾರೇಜಿನಲ್ಲಿ ನನ್ನ ಗಾಡಿಗೆ ಗೆರೆ ಎಳೆಯದೆ ಜೋಡಿಸಿದ್ದರು. ಸಂಡೂರಿಗೆ ಹೊರಟರೆ ರಸ್ತೆ ನೇರ, ಸ್ಟೀರಿಂಗ್ ಸೊಟ್ಟ. ಸ್ಟೀರಿಂಗ್ ಕಚ್ಚಿ ಕೂರಲು ಕಂಬಿಯ ತುದಿಯಲ್ಲಿ ಸುತ್ತಲೂ ಇರುವ ಹಲ್ಲುಗಳಲ್ಲಿ ಒಂದೇ ಒಂದು ತಪ್ಪಿತ್ತು. ಕಂಬಿಗೆ 36 ಹಲ್ಲಿದ್ದರೆ ಒಂದು ಹಲ್ಲಿಗೆ 10 ಡಿಗ್ರಿ ವಾಲುತ್ತದೆ.

ಏರ್‌ಬ್ಯಾಗ್ ಮತ್ತು ಹಾರ್ನ್‌ಗೆ ಕರೆಂಟ್ ಒಯ್ಯುವ, ಸುರುಳಿ ಸುತ್ತಿದ ಪಟ್ಟಿಯೊಂದು ಸ್ಟೀರಿಂಗ್ ಹಿಂದೆ ಇರುತ್ತದೆ, ಅದೇ ಕ್ಲಾಕ್ ಸ್ಪ್ರಿಂಗ್; ಅದು ತಿರುಗದಂತೆ ಟೇಪ್ ಹಚ್ಚಿ. ಅದು ಸುಮ್ನೆ ತಿರುಗಿ ಹೋದರೆ ಮುಂದೆ ಪೂರ್ತಿ ತಿರುವಿನಲ್ಲಿ ಒಳಗಿನ ಪಟ್ಟಿ ಹರಿಯುತ್ತದೆ, ಹಾರ್ನ್ ಮತ್ತು ಏರ್‌ಬ್ಯಾಗ್ ಎರಡೂ ಸತ್ತಂತೆ. ಹೊಸ ಸ್ಟೀರಿಂಗ್ ಕೂರಿಸುವ ಮುಂಚೆ ಟೇಪ್ ತೆಗೆಯಿರಿ.

ನಟ್ ಹೊಸದೇ ಹಾಕಿ. ಬಿಗಿಯುವಾಗ ಸ್ಟೀರಿಂಗ್ ಲಾಕ್ ಮೇಲೆ ಭಾರ ಬಿಡದೆ ಒಬ್ಬರು ಕೈಯಲ್ಲಿ ಹಿಡಿದಿರಲಿ. ಎಷ್ಟು ಬಿಗಿಯಬೇಕು ಅನ್ನುವುದು ಪುಸ್ತಕದಲ್ಲಿದೆ, ಟಾರ್ಕ್ ವ್ರೆಂಚ್ ಕೇಳಿ. ಪಾನಾಕ್ಕೆ ಪೈಪ್ ಸಿಕ್ಕಿಸಿ ಜಗ್ಗುವವರಿದ್ದರೆ ಅಲ್ಲೇ ತಡೆಯಿರಿ.

ಬ್ಯಾಟರಿ ಜೋಡಿಸಿದ ಮೇಲೆ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಆರದಿದ್ದರೆ ಗಾಡಿ ಒಯ್ಯಬೇಡಿ. ಖಾಲಿ ಜಾಗದಲ್ಲಿ ನಿಧಾನಕ್ಕೆ ಎರಡೂ ಕಡೆ ಪೂರ್ತಿ ತಿರುಗಿಸಿ, ಹಾರ್ನ್ ಒತ್ತಿ ನೋಡಿ, ಆಮೇಲೆ ಹೊಸಪೇಟೆ ರಸ್ತೆ ಹಿಡಿಯಿರಿ. ಬಾಸ್ ಕಿಟ್ ಹಾಕಿಸಿದ್ದರೆ ನೂರು ಕಿಲೋಮೀಟರ್ ಓಡಿಸಿ ಬಂದು ಆ ಆರು ಬೋಲ್ಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಿ.