ಅಯಾನು ಕಿರಣ ಹುಟ್ಟುವ ಜಾಗ: ಐಬಿಸಿಮು ಜೊತೆ ನನ್ನ ಅನುಭವ

ಪ್ಲಾಸ್ಮಾದಿಂದ, ಅಂದರೆ ಅಯಾನು ಮತ್ತು ಎಲೆಕ್ಟ್ರಾನ್‌ಗಳಾಗಿ ಒಡೆದ ಅನಿಲದಿಂದ, ಅಯಾನುಗಳನ್ನು ಎಳೆದು ಕಿರಣ ಮಾಡುವ ಸಾಧನವೇ ಅಯಾನು ಮೂಲ. ಅದರ ವಿನ್ಯಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸುವುದು ಪ್ಲಾಸ್ಮಾ ಮುಗಿದು ಕಿರಣ ಶುರುವಾಗುವ ರಂಧ್ರದ ಬಾಯಿ. ಅಲ್ಲಿನ ಗಡಿಗೆ ಮೆನಿಸ್ಕಸ್ ಅನ್ನುತ್ತೇವೆ. ಅದನ್ನು ಲೋಹದಲ್ಲಿ ಕಡೆದು ಕೂರಿಸಲು ಬರುವುದಿಲ್ಲ. ಪ್ಲಾಸ್ಮಾದ ಸಾಂದ್ರತೆ, ಹೊರಗಿನಿಂದ ಎಳೆಯುವ ವಿದ್ಯುತ್ ಕ್ಷೇತ್ರ ಇವೆರಡೂ ಸೇರಿ ಅದರ ಆಕಾರ ತೀರ್ಮಾನವಾಗುತ್ತದೆ. ಇಲ್ಲಿ ಕೆಟ್ಟ ಕಿರಣವನ್ನು ಮುಂದೆ ಎಷ್ಟು ಲೆನ್ಸ್ ಹಾಕಿದರೂ ಪೂರ್ತಿ ಸರಿಮಾಡಲು ಆಗುವುದಿಲ್ಲ.

ಪ್ರೋಟಾನ್ ಮೂಲವೊಂದರ ಎಲೆಕ್ಟ್ರೋಡ್‌ಗಳಿಗೆ ನಾನು ಆರಿಸಿಕೊಂಡದ್ದು ಐಬಿಸಿಮು. ಫಿನ್‌ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದಲ್ಲಿ ಟಾನೆಲಿ ಕಾಲ್ವಾಸ್ ಅಯಾನು ಕಿರಣಗಳ ಸಿಮ್ಯುಲೇಶನ್‌ಗೆಂದು ಬೆಳೆಸಿದ ಮುಕ್ತ ಆಕರದ ಸಿ++ ಲೈಬ್ರರಿ ಅದು. ಗುಂಡಿ ಒತ್ತಿ ಉತ್ತರ ಪಡೆಯುವಂಥದ್ದಲ್ಲ, ನಮ್ಮ ಸಮಸ್ಯೆಗೆ ಬೇಕಾದ ಪುಟ್ಟ ಪ್ರೋಗ್ರಾಂ ನಾವೇ ಬರೆದುಕೊಳ್ಳಬೇಕು.

ಕೋಡ್ ಮುಟ್ಟುವ ಮೊದಲು ಚೈಲ್ಡ್-ಲ್ಯಾಂಗ್‌ಮ್ಯೂರ್ ನಿಯಮದಿಂದ ಕೈಲೆಕ್ಕ ಹಾಕಿದೆ. ಎಲೆಕ್ಟ್ರೋಡ್‌ಗಳ ನಡುವಿನ ಅಂತರ ಮತ್ತು ವೋಲ್ಟೇಜಿಗೆ ಹೆಚ್ಚೆಂದರೆ ಎಷ್ಟು ಪ್ರವಾಹ ಎಳೆಯಬಹುದು ಎಂದು ಹೇಳುವ ನಿಯಮ ಅದು. 10 ಕಿಲೋವೋಲ್ಟ್, 8 ಮಿ.ಮೀ. ಅಂತರಕ್ಕೆ ಪ್ರೋಟಾನ್‌ಗಳ ಮಿತಿ ಚದರ ಸೆಂಟಿಮೀಟರಿಗೆ ಸುಮಾರು 85 ಮಿಲಿಆಂಪಿಯರ್. ನಮ್ಮ ಪ್ಲಾಸ್ಮಾ ಕೊಡುವುದು 20ರ ಆಸುಪಾಸು. ಅಂದರೆ ಕ್ಷೇತ್ರದ್ದೇ ಮೇಲುಗೈ: ಮೆನಿಸ್ಕಸ್ ಒಳಕ್ಕೆ ಬಾಗಿ, ಅಯಾನುಗಳು ಬೇಗನೆ ಒಂದೆಡೆ ಸೇರಿ, ಅಡ್ಡ ಹಾಯ್ದು ಚದುರುತ್ತವೆ. ಅಂತರ 12 ಮಿ.ಮೀ. ಆದರೆ ಮಿತಿ 38ಕ್ಕೆ ಇಳಿಯುತ್ತದೆ, ನಮ್ಮ ಪ್ರವಾಹ ಅದರ ಅರ್ಧದಷ್ಟಾಗುತ್ತದೆ. ಕಿರಣ ಹದವಾಗಿ ಹೊರಡುವುದು ಹೆಚ್ಚುಕಡಿಮೆ ಈ ಅನುಪಾತದಲ್ಲೇ. ಸಿಮ್ಯುಲೇಶನ್ ಶುರುಮಾಡಿದ್ದು ಅಲ್ಲಿಂದ.

ಒಳಗೆ ನಡೆಯುವುದು ಒಂದು ಸುತ್ತು. ಆವೇಶದ ಹಂಚಿಕೆಯಿಂದ ವಿಭವ ಕೊಡುವ ಪಾಯ್ಸನ್ ಸಮೀಕರಣ ಬಿಡಿಸಿ ವಿಭವ ತಿಳಿ, ಆ ಕ್ಷೇತ್ರದಲ್ಲಿ ಕಣಗಳನ್ನು ಓಡಿಸು, ಅವು ಹಾದಿಯುದ್ದಕ್ಕೂ ಬಿಟ್ಟ ಆವೇಶವನ್ನು ಲೆಕ್ಕಕ್ಕಾಗಿ ಜಾಗವನ್ನು ಪುಟ್ಟ ಕಣ್ಣುಗಳಾಗಿ ಹೋಳುಮಾಡಿದ ಜಾಲರಿಗೆ ಹಂಚು, ಮತ್ತೆ ಪಾಯ್ಸನ್. ಮೊದಲ ಸುತ್ತಿನಲ್ಲಿ ಪ್ಲಾಸ್ಮಾ ಎಲ್ಲಿಯವರೆಗಿದೆ ಎಂದು ನಾವೇ ಅಂದಾಜು ಗೆರೆ ಹಾಕಿಕೊಡುತ್ತೇವೆ. ಆಮೇಲೆ ಎಲೆಕ್ಟ್ರಾನ್‌ಗಳ ಸಾಂದ್ರತೆ ವಿಭವದೊಂದಿಗೆ ಘಾತೀಯವಾಗಿ ಬದಲಾಗುತ್ತದೆ ಎಂಬ ಸೂತ್ರ ಕೆಲಸ ಮಾಡುತ್ತದೆ, ಗೆರೆ ತಾನಾಗಿ ಸರಿದು ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಸುತ್ತಿನ ಚಿತ್ರ ಉಳಿಸಿಕೊಂಡು ಆ ಗೆರೆ ಸರಿಯುವುದನ್ನು ನೋಡಿದಾಗ ಆದ ಖುಷಿ ಇಷ್ಟಿಷ್ಟಲ್ಲ.

ಜಾಲರಿಯ ವಿಷಯದಲ್ಲಿ ಜಿಪುಣತನ ಬೇಡ. ಎಲೆಕ್ಟ್ರಾನ್ ತಾಪ 5 ಎಲೆಕ್ಟ್ರಾನ್‌ವೋಲ್ಟ್, ಸಾಂದ್ರತೆ ಘನ ಸೆಂಟಿಮೀಟರಿಗೆ 10ರ ಘಾತ 11 ಇದ್ದರೆ ಡಿಬೈ ಉದ್ದ, ಅಂದರೆ ಪ್ಲಾಸ್ಮಾ ತನ್ನೊಳಗಿನ ವಿದ್ಯುತ್ ಕ್ಷೇತ್ರವನ್ನು ಮರೆಮಾಡಿಬಿಡುವ ದೂರ, ಸುಮಾರು 0.05 ಮಿ.ಮೀ. ಜಾಲರಿಯ ಕಣ್ಣು ಇದಕ್ಕಿಂತ ತೀರ ದೊಡ್ಡದಾದರೆ ಮೆನಿಸ್ಕಸ್ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಎಮಿಟನ್ಸ್ (ಕಿರಣದ ಅಗಲ ಮತ್ತು ಹರಡುವಿಕೆಯನ್ನು ಒಟ್ಟಿಗೆ ಹೇಳುವ ಅಳತೆ) ಅಂಕಿಯನ್ನು ನಂಬುವಂತಿಲ್ಲ. ಕಣ್ಣನ್ನು ಅರ್ಧ ಮಾಡಿ ಮತ್ತೆ ಓಡಿಸಿ, ಎಮಿಟನ್ಸ್ ಅಲ್ಲಾಡದಿದ್ದರೆ ಮಾತ್ರ ಆ ಫಲಿತಾಂಶವನ್ನು ಇಟ್ಟುಕೊಳ್ಳುತ್ತೇನೆ.

ಮುಕ್ತ ಆಕರದ ನಿಜವಾದ ಬೆಲೆ ಗೊತ್ತಾದದ್ದು ಆವೇಶ ಪರಿಹಾರದಲ್ಲಿ. ಹೊರಬಂದ ಕಿರಣ ದಾರಿಯಲ್ಲಿನ ಉಳಿಕೆ ಅನಿಲವನ್ನು ಅಯಾನೀಕರಿಸುತ್ತದೆ. ಹಾಗೆ ಹುಟ್ಟಿದ ಎಲೆಕ್ಟ್ರಾನ್‌ಗಳು ಕಿರಣದೊಳಗೇ ಸಿಕ್ಕಿಬಿದ್ದು ಅದರ ವಿಕರ್ಷಣೆಯನ್ನು ತಗ್ಗಿಸುತ್ತವೆ. ಅವು ಹಿಂದಕ್ಕೆ ಮೂಲದತ್ತ ಓಡದಂತೆ ತಡೆಯಲೆಂದೇ ಋಣ ವಿಭವದ ಎಲೆಕ್ಟ್ರೋಡ್ ಇಡುವುದು. ಆ ತಡೆ ದಾಟಿದ ಮೇಲೆ ಎಷ್ಟು ಪರಿಹಾರ ಸಿಗುತ್ತದೆ ಎಂಬುದು ಅನಿಲದ ಒತ್ತಡವನ್ನೂ ಅವಲಂಬಿಸಿದೆ, ಅದನ್ನು ಬಳಸುವವರೇ ಹೇಳಬೇಕು. ಸುತ್ತು ನನ್ನ ಪ್ರೋಗ್ರಾಂನಲ್ಲೇ ಇದ್ದುದರಿಂದ, ತಡೆಯ ಆಚೆಗಿನ ಬಿಂದುಗಳಲ್ಲಿ ಆವೇಶವನ್ನು ಒಂದು ಗುಣಕದಿಂದ ಇಳಿಸುವ ನಾಲ್ಕಾರು ಸಾಲು ಸೇರಿಸಿದೆ, ಅಷ್ಟೇ. ಗುಣಕವನ್ನು ಸೊನ್ನೆಯಿಂದ ಪೂರ್ತಿಯವರೆಗೆ ಬದಲಿಸಿ, ಎರಡು ತುದಿಯಲ್ಲೂ ಕಿರಣ ಕೊಳವೆಗೆ ತಾಗದ ವಿನ್ಯಾಸವನ್ನೇ ವರ್ಕ್‌ಶಾಪಿಗೆ ಕಳಿಸಿದೆ.