ಹಾಲಿನ ಬೂತ್‌ವರೆಗೆ ಹೋಗಿ ಬಂದರೆ ಸಾಕು

"ಮನಸ್ಸು ಗಟ್ಟಿ ಮಾಡ್ಕೊಳ್ಳಪ್ಪ" ಅಂದವರೇ ಜಾಸ್ತಿ. ಗಟ್ಟಿ ಮಾಡ್ಕೊಳ್ಳೋಣ ಅಂದ್ರೆ ಆ ಮನಸ್ಸು ಕೈಗೆ ಸಿಗಬೇಕಲ್ವಾ! ಆಫೀಸಿನಲ್ಲಿ ಎರಡು ವರ್ಷ ಇಬ್ಬರ ಕೆಲಸ ಒಬ್ಬನೇ ಎಳೆದಿದ್ದೆ. ಮೊದಲು ನಿದ್ದೆ ಹೋಯಿತು, ಆಮೇಲೆ ಹಸಿವು. ಡಾಕ್ಟರು ಡಿಪ್ರೆಶನ್ ಅಂದರು. ಮಾತ್ರೆ ಬರೆದು, ದಿನಾ ನಡೀರಿ ಅಂದರು.

ಮೊದಲ ದಿನ ಶೂ ಹಾಕಿ ಬಾಗಿಲ ಹತ್ತಿರ ಹತ್ತು ನಿಮಿಷ ಕೂತೆ. ಲೇಸ್ ಬಿಚ್ಚಿ ಮತ್ತೆ ಮಲಗಿದೆ. ಮರುದಿನ ನನಗೆ ನಾನೇ ರಿಯಾಯಿತಿ ಕೊಟ್ಟುಕೊಂಡೆ: ಹಾಲಿನ ಬೂತ್‌ವರೆಗೆ ಹೋಗಿ ಬಂದರೆ ಸಾಕು. ಹೇಗೂ ಹಾಲು ತರಬೇಕು. ಒಂದು ವಾರ ಅಷ್ಟೇ ಮಾಡಿದೆ. ಆಮೇಲೆ ಕುಕ್ಕರಹಳ್ಳಿ ಕೆರೆ ಏರಿ. ಮಾತಾಡಬಹುದು, ಹಾಡೋಕಾಗಲ್ಲ, ಅಷ್ಟು ಬಿರುಸಾಗಿ ನಡೆಯುತ್ತಿದ್ದೆ.

ಕಾಲು ಆಡಿಸಿದರೆ ತಲೆಗೇನು ಲಾಭ ಅಂತ ಹುಡುಕಿದಾಗ ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ 2014ರ ಅಧ್ಯಯನ ಸಿಕ್ಕಿತು. ಒತ್ತಡ ಇದ್ದಾಗ ದೇಹದಲ್ಲಿ ಕೈನುರೆನಿನ್ ಅನ್ನೋ ವಸ್ತು ಹೆಚ್ಚುತ್ತದೆ. ಅದು ರಕ್ತದಿಂದ ಮಿದುಳಿಗೆ ನುಗ್ಗಿ ತೊಂದರೆ ಕೊಡುತ್ತದೆ. ಪಳಗಿದ ಸ್ನಾಯುವಿನಲ್ಲಿ ಒಂದು ಕಿಣ್ವ ಜಾಸ್ತಿ ಇರುತ್ತದೆ. ಅದು ಕೈನುರೆನಿನ್ನನ್ನು ಕೈನುರೆನಿಕ್ ಆಸಿಡ್ ಮಾಡಿಬಿಡುತ್ತದೆ. ಈ ಆಸಿಡ್ಡಿಗೆ ರಕ್ತದಿಂದ ಮಿದುಳಿನೊಳಗೆ ಪ್ರವೇಶ ಇಲ್ಲ. ಸ್ನಾಯು ಮಿದುಳಿಗೆ ಟಾನಿಕ್ ಏನೋ ಕಳಿಸುತ್ತೆ ಅಂದುಕೊಂಡಿದ್ದೆ. ನೋಡಿದರೆ ಅದು ಕಸ ಗುಡಿಸುವ ಕೆಲಸ ಮಾಡುತ್ತಿದೆ, ಲಿವರ್ ಥರ! ಒತ್ತಡ ಕೊಟ್ಟು ನೋಡಿದ್ದು ಇಲಿಗಳಿಗೆ, ನಿಜ. ಆದರೆ ವ್ಯಾಯಾಮ ಮಾಡಿದ ಮನುಷ್ಯರ ಸ್ನಾಯುವಿನಲ್ಲೂ ಆ ಕಿಣ್ವ ಹೆಚ್ಚಿತ್ತು.

ಇನ್ನೊಂದು, 1999ರದ್ದು, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ್ದು. ಡಿಪ್ರೆಶನ್ ಇದ್ದ, ಐವತ್ತು ದಾಟಿದ 156 ಜನ, 16 ವಾರ. ಕೊನೆಗೆ ವ್ಯಾಯಾಮದವರೂ ಮಾತ್ರೆಯವರೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿದ್ದರು. ಬೇಗ ಕೆಲಸ ಮಾಡಿದ್ದು ಮಾತ್ರ ಮಾತ್ರೆಯೇ. ಆ ಸಾಲನ್ನು ಹಾರಿಸಿ ಓದಿದ ಬುದ್ಧಿವಂತ ನಾನು! ಮಾತ್ರೆ ನಿಲ್ಲಿಸಿಬಿಟ್ಟೆ. ನಾಲ್ಕೇ ದಿನಕ್ಕೆ ತಲೆಸುತ್ತು, ಮನೆಯವರ ಮೇಲೆಲ್ಲ ರೇಗಾಟ. ಡಾಕ್ಟರು ಬೈದು ಮತ್ತೆ ಶುರು ಮಾಡಿಸಿದರು. ತಿಂಗಳುಗಳಾದ ಮೇಲೆ ಅವರೇ ನಿಧಾನಕ್ಕೆ ಇಳಿಸಿದರು. ನಡಿಗೆ ನಿಲ್ಲಲಿಲ್ಲ.

ಗೆಲುವೇನೂ ಒಂದೇ ದಿನ ಬರಲಿಲ್ಲ. ನಡೆದು ಬಂದ ತಕ್ಷಣ ಖುಷಿ ಉಕ್ಕುತ್ತೆ ಅಂತಾರಲ್ಲ, ನನಗೆ ಉಕ್ಕಿದ್ದು ಬೆವರು ಮಾತ್ರ. ಐದನೇ ವಾರ ಇರಬೇಕು, ಊಟಕ್ಕೆ ಕೂತವನು "ಸಾರಿಗೆ ಉಪ್ಪು ಕಮ್ಮಿ" ಅಂದೆ. ಹೆಂಡತಿ ಸೌಟು ಹಿಡಿದು ಹಾಗೇ ನಿಂತಳು. "ಎಷ್ಟು ದಿನ ಆಯ್ತು ರೀ, ನೀವು ಊಟಕ್ಕೆ ಹೆಸರಿಟ್ಟು" ಅಂದವಳು ಉಪ್ಪಿನ ಡಬ್ಬಿ ತರೋದನ್ನೇ ಮರೆತಳು.